ಮಲ್ಲಯ್ಯ ಕನ್ನಡಿಸಿದ ಮಾತು

ಮಲ್ಲಯ್ಯನಿಗೆ ಕಂಠ ದೇವರು ಕೊಟ್ಟದ್ದು, ಹಿಂದಿ ಮುಂಬಯಿಯ ಹತ್ತಿಪೇಟೆ ಕೊಟ್ಟದ್ದು. ಹರೆಯದಲ್ಲಿ ಅಲ್ಲಿ ದಲಾಲರ ಕೈಕೆಳಗೆ ದುಡಿದು, ಮದುವೆಗೆಂದು ಆದವಾನಿಗೆ ಬಂದವನು ಮತ್ತೆ ಹೋಗಲಿಲ್ಲ. ದೊಡ್ಡಪ್ಪನ ಮಗ ಮರಿಬಸಪ್ಪನ ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿ ಉಳಿದುಬಿಟ್ಟ. ಖಾದಿ ತೊಡುತ್ತಿದ್ದ, ಸಂಜೆ ನಾಲ್ಕಾರು ಮಂದಿಗೆ ಹಿಂದಿ ಕಲಿಸುತ್ತಿದ್ದ. ಹೀಗಾಗಿ ಸಾವಿರದ ಒಂಬೈನೂರ ಮೂವತ್ತೇಳರ ಚುನಾವಣೆಗೆ ಉತ್ತರದಿಂದ ದೊಡ್ಡ ನಾಯಕರೊಬ್ಬರು ಬರುತ್ತಾರೆಂದಾಗ, ಅವರ ಭಾಷಣವನ್ನು ಜನಕ್ಕೆ ತಿಳಿಯುವಂತೆ ಹೇಳಲು ಬೇರೆ ಯಾರನ್ನೂ ಹುಡುಕಬೇಕಾಗಲಿಲ್ಲ.

ಸಭೆ ನಡೆದದ್ದು ಬೆಟ್ಟದ ಕೆಳಗಿನ ಬಯಲಿನಲ್ಲಿ. ಕೋಸಗಿಯಿಂದ, ಪತ್ತಿಕೊಂಡದಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ನಾಯಕರು ಒಂದು ಮಾತು ಆಡಿ ನಿಲ್ಲುವರು. ಮಲ್ಲಯ್ಯ ಅದನ್ನು ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳುವನು. ಬಯಲಿನ ಕೊನೆಯ ಸಾಲಿಗೂ ಕೇಳುತ್ತಿತ್ತು.

ಮುಂದಿನ ಸಾಲಿನಲ್ಲಿ ಮಿಲ್ಲಿನ ಹೆಂಗಸರು ಕೂತಿದ್ದರು. ಕೆಲಸ ಬಿಟ್ಟು ನೇರ ಬಂದಿದ್ದರಿಂದ ತಲೆಯ ಮೇಲೆ ಹತ್ತಿಯ ಎಳೆ ಹಾಗೇ ಇತ್ತು. ಅವರಲ್ಲಿ ಮೂಕಮ್ಮ ಎಂಬಾಕೆಯ ಮಡಿಲಲ್ಲಿ ಒಂದು ಹೆಣ್ಣುಕೂಸು ಮಲಗಿತ್ತು. ಇಷ್ಟು ಗದ್ದಲದಲ್ಲೂ ಅದು ಏಳದ್ದನ್ನು ನೋಡಿ ನಾಯಕರು ಯಾಕೆಂದು ಕೇಳಿದರು. ಮಲ್ಲಯ್ಯ ಆಕೆಯನ್ನು ಕೇಳಿದ.

"ಅಫೀಮು ಹಾಕೀನ್ರಿ," ಅಂದಳು ಮೂಕಮ್ಮ, ಮುಚ್ಚುಮರೆ ಇಲ್ಲದೆ. "ಎಳ್ಳಿನಷ್ಟು. ನಾವು ಎಲ್ಲಾರೂ ಹಾಕ್ತೀವಿ. ಇಲ್ಲಾಂದ್ರ ಆ ಧೂಳಿನಾಗ ಮಲಗತಾವೇನ್ರಿ? ಅಳಾಕತ್ರ ಮೇಸ್ತ್ರಿ ಕೆಲಸದಿಂದ ಎಬ್ಬಿಸ್ತಾನ."

ಮಲ್ಲಯ್ಯ ಅದನ್ನು ಹಿಂದಿಯಲ್ಲಿ ಹೇಳಿದಾಗ ನಾಯಕರ ಕಣ್ಣು ತುಂಬಿ ಬಂತು. ಕೂಸನ್ನು ಇಸಿದುಕೊಂಡು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ನಮ್ಮ ಸರ್ಕಾರ ಬಂದ ಮರುವರ್ಷವೇ ಪ್ರತಿ ಮಿಲ್ಲಿಗೂ ಒಂದು ತೊಟ್ಟಿಲ ಮನೆ ಕಟ್ಟಿಸುತ್ತೇನೆ, ಕೂಸುಗಳನ್ನು ನೋಡಲು ಒಬ್ಬ ಆಯಾ ಇರುತ್ತಾಳೆ, ಹಾಲು ಕುಡಿಸಲು ತಾಯಂದಿರಿಗೆ ಬಿಡುವು ಸಿಗುತ್ತದೆ, ಈ ಕೂಸಿನ ತಲೆ ಮುಟ್ಟಿ ಹೇಳುತ್ತೇನೆ ಎಂದರು. ಮಲ್ಲಯ್ಯ ಅದನ್ನು ಎರಡು ಭಾಷೆಯಲ್ಲೂ ಕೂಗಿ ಹೇಳಿದ. ಹೇಳುವಾಗ ಅವನ ಮೈ ಜುಮ್ಮೆಂದಿತು. ಬಯಲೆಲ್ಲ ಜಯಕಾರವಾಯಿತು. ಮೂಕಮ್ಮ ಮಾತ್ರ ಕೈ ಚಾಚಿ, "ನನ್ನ ಕೂಸು ಕೊಡ್ರಿ, ಬೀಳಿಸೀರಿ," ಅಂದಳು.

ನಾಯಕರ ಪಕ್ಷ ಗೆದ್ದಿತು, ಮಂತ್ರಿಮಂಡಲ ಬಂತು. ಒಂದು ಹಂಗಾಮು ಕಳೆಯಿತು, ಇನ್ನೊಂದೂ ಕಳೆಯಿತು. ತೊಟ್ಟಿಲ ಮನೆ ಬರಲಿಲ್ಲ. ಮಲ್ಲಯ್ಯ ಮಿಲ್ಲಿನ ಅಂಗಳ ದಾಟುವಾಗ ಹೆಂಗಸರು, "ಅಯ್ಯಾರ, ನೀವು ಹೇಳಿದ್ದು ಯಾವಾಗ್ರಿ?" ಎಂದು ಕೇಳುತ್ತಿದ್ದರು. ನೀವು ಹೇಳಿದ್ದು! ಅವರು ಕೇಳಿದ್ದು ಅವನ ದನಿಯನ್ನೇ ಅಲ್ಲವೇ. "ಬರ್ತೈತವ್ವ, ಅಂಥಾ ದೊಡ್ಡ ಮನುಷ್ಯಾ ಕೂಸಿನ ತಲಿ ಮುಟ್ಯಾನ," ಎನ್ನುತ್ತಿದ್ದ. ನಂಬಿಯೇ ಅನ್ನುತ್ತಿದ್ದ.

ಆ ಎರಡನೆಯ ಬೇಸಿಗೆಯಲ್ಲಿ ರಾಮಲಕ್ಷ್ಮಿ ಎಂಬ ಹುಡುಗಿಯ ಮೊದಲ ಕೂಸು ಹತ್ತಿಯ ರಾಶಿಯ ಬದಿಯಲ್ಲಿ ಮಲಗಿದ್ದು ಏಳಲಿಲ್ಲ. ಎಳ್ಳಿನಷ್ಟು ಎಂದುಕೊಂಡದ್ದು ಜೋಳದ ಕಾಳಿನಷ್ಟಾಗಿತ್ತೋ ಏನೋ. ಮೂರನೆಯ ದಿನಕ್ಕೆ ಆಕೆ ಕೆಲಸಕ್ಕೆ ಬಂದಳು, ಯಾರೊಂದಿಗೂ ಮಾತಾಡಲಿಲ್ಲ. ಮಲ್ಲಯ್ಯ ಆಕೆಯ ಎದುರಿಗೆ ಹೋಗುವುದನ್ನೇ ಬಿಟ್ಟ.

ಅದೇ ವರ್ಷ ನಾಯಕರು ಮತ್ತೆ ಬಂದರು. ಈ ಸಲ ಇಳಿದುಕೊಂಡದ್ದು ಮರಿಬಸಪ್ಪನ ಬಂಗಲೆಯಲ್ಲಿ. ಸ್ಟೇಷನ್ನಿನಿಂದ ಜಟಕಾದಲ್ಲಿ ಬರುವಾಗ ಮಲ್ಲಯ್ಯ ಎದುರಿಗೆ ಕೂತು, ತೊಟ್ಟಿಲ ಮನೆಯ ಮಾತು ತೆಗೆದ, ಸತ್ತ ಕೂಸಿನ ಸುದ್ದಿಯನ್ನೂ ಹೇಳಿದ. ನಾಯಕರು ಅವನ ಹೆಗಲ ಮೇಲೆ ಕೈಯಿಟ್ಟು, "ಹೇಗೆ ಮರೆಯಲಿ ತಮ್ಮಾ, ಆ ಕೂಸಿನ ಮುಖ ಇನ್ನೂ ಕಣ್ಣಮುಂದಿದೆ," ಎಂದರು. ಮಲ್ಲಯ್ಯನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಮನೆಗೆ ಬಂದು ಹೆಂಡತಿ ಮಹಾಂತಮ್ಮನಿಗೆ, "ಇವತ್ತು ಹೇಳ್ತಾರ ನೋಡು," ಅಂದ.

ಮಧ್ಯಾಹ್ನ ಬಂಗಲೆಯಲ್ಲಿ ಊಟವಾಯಿತು. ಆದವಾನಿಯ ಮಿಲ್ಲಿನ ಧಣಿಗಳೆಲ್ಲ ಅಲ್ಲಿದ್ದರು. ಸಂಜೆ ಸಭೆಯಲ್ಲಿ ನಾಯಕರು ದೇಶದ ಬಗ್ಗೆ ಹೇಳಿದರು, ತ್ಯಾಗದ ಬಗ್ಗೆ ಹೇಳಿದರು. ತೊಟ್ಟಿಲ ಮಾತು ಬರಲಿಲ್ಲ. ಕೊನೆಗೆ ಮೂಕಮ್ಮ ಎದ್ದು ನಿಂತಳು. ಬಗಲಲ್ಲಿ ಇನ್ನೊಂದು ಕೂಸಿತ್ತು.

"ನಮ್ಮ ತೊಟ್ಲ ಮನಿ ಎಲ್ಲೈತ್ರಿ?"

ಆಕೆ ಕೇಳಿದ್ದನ್ನು ಮಲ್ಲಯ್ಯ ಹಿಂದಿಯಲ್ಲಿ ಹೇಳಿದ. ನಾಯಕರು ಒಮ್ಮೆ ವೇದಿಕೆಯ ಮೇಲಿದ್ದ ಮರಿಬಸಪ್ಪನ ಕಡೆ ನೋಡಿದರು. ಆಮೇಲೆ ನಗುನಗುತ್ತಲೇ ಎರಡು ಮಾತು ಆಡಿ, ಹೇಳು ಎಂಬಂತೆ ಮಲ್ಲಯ್ಯನತ್ತ ಕೈ ಮಾಡಿದರು.

ಮಲ್ಲಯ್ಯ ಜನರತ್ತ ತಿರುಗಿದ. ಸಾವಿರ ಜನ ಕಾಯುತ್ತಿದ್ದರು. ಬೇರೇನಾದರೂ ಹೇಳಬಹುದಿತ್ತು. ಮುಂದಿನ ವರ್ಷ ಕಟ್ಟಿಸುತ್ತಾರಂತೆ ಎಂದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಮುಂಬಯಿಯ ದಲಾಲರ ಕಾಲದಿಂದಲೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವಾಗ ಒಂದು ಅಕ್ಷರವನ್ನೂ ಅವನು ತನ್ನ ಕಡೆಯಿಂದ ಸೇರಿಸಿದವನಲ್ಲ. ಅವನು ಗಂಟಲು ಸರಿಮಾಡಿಕೊಂಡ.

"ನಾಯಕರು ಹೇಳ್ತಾರ: ಅಂಥಾ ಮಾತು ನಾನು ಕೊಟ್ಟೇ ಇಲ್ಲ. ಹೇಳೋ ಹುರುಪಿನಾಗ ದುಭಾಷಿ ತಾನ ಕಟ್ಟಿ ಹೇಳ್ಯಾನ."

ಅದನ್ನೇ ತೆಲುಗಿನಲ್ಲೂ ಹೇಳಿದ. ಮೂಕಮ್ಮ ಕೂತಿರಲಿಲ್ಲ.

"ಅಯ್ಯಾರ, ಈಗ ಹೇಳಿದ್ರಲ್ಲ, ಅದು ಯಾರ ಮಾತ್ರಿ? ಅವರ್ದೋ ನಿಮ್ದೋ?"

"ಅವರ್ದವ್ವ," ಅಂದ ಮಲ್ಲಯ್ಯ. "ಆವತ್ತಿಂದೂ ಅವರ್ದೇ."

ಇದನ್ನು ಅವನು ಹಿಂದಿಯಲ್ಲಿ ಹೇಳಲಿಲ್ಲ. ವೇದಿಕೆ ಇಳಿದು, ಜನರ ನಡುವೆ ಹಾದು ಮನೆಗೆ ನಡೆದ. ಜನ ದಾರಿ ಬಿಟ್ಟರು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಮಿಲ್ಲಿನ ಕಾವಲುಗಾರ, ಮುದುಕ ದಸ್ತಗಿರಿ ಸಾಹೇಬ ಮಾತ್ರ ಅವನ ಮುಂಗೈ ಮುಟ್ಟಿ, "ಜಾನೇ ದೋ ಬೇಟಾ, ಹೋಗ್ಲಿ ಬಿಡು," ಅಂದ.

ಮನೆಯಲ್ಲಿ ಮಲ್ಲಯ್ಯ ಕಂಬಕ್ಕೆ ಒರಗಿ ಕೂತ. ಮಹಾಂತಮ್ಮ ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟಳು, ಅವನು ಮುಟ್ಟಲಿಲ್ಲ. ಆಕೆ ಎದುರಿಗೆ ಕೂತು ತಾನೇ ತುತ್ತು ಮಾಡಿ ಅವನ ಬಾಯಿಗೆ ಹಿಡಿದಳು. ಮದುವೆಯಾದ ಹೊಸತರಲ್ಲೂ ಹಾಗೆ ಮಾಡಿದವಳಲ್ಲ.

"ಸುಳ್ಳು ಹೇಳಿದಾಂವ ಬಂಗಲೇದಾಗ ಹೋಳಿಗಿ ತಿಂದು ಮಲಗ್ಯಾನ. ನೀವು ಯಾಕ ಉಪವಾಸ?"

"ಆ ಹೆಣ್ಮಕ್ಕಳು ನಂಬಿದ್ದು ನನ್ನ ದನೀನ, ಮಹಾಂತಿ. ಆ ರಾಮಲಕ್ಷ್ಮಿ ಸೈತ ನನ್ನ ಬಾಯಿ ನೋಡಿಕೋತ ಕುಂತಿದ್ದಳು."

ಮಹಾಂತಮ್ಮ ಅವನ ಬಾಯಿ ಒರೆಸಿ ಎದ್ದಳು.

ಬೆಳಗಾದಾಗ ಅವನು ನೋಡಿದರೆ, ಆಕೆ ಪಡಸಾಲೆಯ ತೊಲೆಗೆ ತನ್ನ ಹಳೆಯ ಇಳಕಲ್ ಸೀರೆಯ ಜೋಲಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ಇನ್ನೆರಡು ಆಗಲೇ ತೂಗುತ್ತಿದ್ದವು. ಇವರ ಒಬ್ಬಳೇ ಮಗಳು ಮದುವೆಯಾಗಿ ಹೋದಮೇಲೆ ಪಡಸಾಲೆಯಲ್ಲಿ ಹತ್ತಿಕಾಳಿನ ಚೀಲ ಇಟ್ಟಿದ್ದರು. ಅವೆಲ್ಲ ಅಂಗಳಕ್ಕೆ ಬಿದ್ದಿದ್ದವು.

"ಇದೇನ ಇದು?"

"ಮಿಲ್ಲು ನಮ್ಮ ಓಣಿ ಹಿಂದ ಐತಿ. ಮೂಕಮ್ಮಗ ಹೇಳಿ ಕಳಿಸೀನಿ, ಕೂಸು ಇಲ್ಲಿ ಬಿಟ್ಟು ಹೋಗ್ಲಿ. ನೀವು ಸುಮ್ನ ನಿಂದ್ರಬ್ಯಾಡ್ರಿ, ಆ ತುದಿ ಗಟ್ಟಿ ಬಿಗೀರಿ."

ಮೊದಲ ದಿನ ಮೂಕಮ್ಮನದೊಂದೇ ಕೂಸು. ವಾರ ಕಳೆಯುವಷ್ಟರಲ್ಲಿ ತೊಲೆಯಲ್ಲಿ ಜಾಗವಿಲ್ಲದೆ ಅಟ್ಟದ ಕೊಂಡಿಗಳಿಗೂ ಸೀರೆ ಬಿದ್ದವು. ಮಹಾಂತಮ್ಮನ ಕಟ್ಟಪ್ಪಣೆ ಒಂದೇ: ಅಫೀಮು ಹಾಕಿದ ಕೂಸನ್ನು ತರಬಾರದು. ಅಫೀಮು ಬಿಟ್ಟ ಕೂಸುಗಳು ಮೊದಲು ಕೆಲವು ದಿನ ಓಣಿ ಹಾರಿಹೋಗುವಂತೆ ಅತ್ತವು. ಆ ಅಳು ಗೋಡೆಯಾಚೆ ಮಿಲ್ಲಿಗೂ ಕೇಳಿ, ತಾಯಂದಿರು ಯಂತ್ರ ಬಿಟ್ಟು ಓಡಿಬಂದರು. ಮರಿಬಸಪ್ಪ ಬಾಗಿಲಿಗೆ ಬಂದು ನಿಂತ.

"ಏನಿದು ನಾಟಕ? ನನ್ನ ಮರ್ಯಾದಿ ತೆಗೀಬೇಕಂತ ಮಾಡೀರೇನು?"

ಮಹಾಂತಮ್ಮ ಸೆರಗು ಸರಿಮಾಡಿಕೊಂಡು ಒಳಗಿನಿಂದಲೇ ಹೇಳಿದಳು: "ನಿಮ್ಮ ನಾಯಕರ ಮಾತಲ್ಲಂತಲ್ರಿ ಭಾವಾರ, ನಮ್ಮ ಮನಿಯವರದಂತ. ಊರ ಮುಂದ ಹೇಳ್ಯಾರ. ಮತ್ತ ನಾವು ನಡಸಬೇಕಲ್ರಿ?"

ಮರಿಬಸಪ್ಪ ಮಲ್ಲಯ್ಯನನ್ನು ಗುಮಾಸ್ತಿಕೆಯಿಂದ ಬಿಡಿಸಿದ. ಮಲ್ಲಯ್ಯ ಪೇಟೆಯಲ್ಲಿ ಸಣ್ಣ ದಲಾಲಿ ಹಿಡಿದ. ಸಂಜೆಯ ಹಿಂದಿ ಪಾಠಕ್ಕೆ ಮತ್ತೆ ಯಾರೂ ಬರಲಿಲ್ಲ. ಮಿಲ್ಲಿನ ತಾಯಂದಿರು ಮಾತ್ರ ಹಟ ಹಿಡಿದು, ನಡುಹೊತ್ತಿನಲ್ಲಿ ಹಾಲು ಕುಡಿಸಲು ಬಿಡುವು ಪಡೆದುಕೊಂಡರು. ಕೊಡದೆ ಮರಿಬಸಪ್ಪನಿಗೂ ವಿಧಿಯಿರಲಿಲ್ಲ. ಹಂಗಾಮಿನ ನಡುವೆ ಅಷ್ಟು ಕೈಗಳನ್ನು ಅವನು ಎಲ್ಲಿಂದ ತರಬೇಕು?

ರಾಮಲಕ್ಷ್ಮಿ ಆ ಬಿಡುವಿನಲ್ಲಿ ಉಳಿದವರ ಜೊತೆ ಬರುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲಾಚೆ ಕಟ್ಟೆಯ ಮೇಲೆ ಕೂತು, ಎಲ್ಲರೂ ಹೊರಟಾಗ ತಾನೂ ಹೊರಡುತ್ತಿದ್ದಳು. ಮಹಾಂತಮ್ಮ ಕರೆಯಲೂ ಇಲ್ಲ, ಕಳಿಸಲೂ ಇಲ್ಲ. ಒಂದು ತಂಬಿಗೆ ನೀರು ಆಕೆಯ ಪಕ್ಕದಲ್ಲಿಟ್ಟು ಬರುತ್ತಿದ್ದಳು.

ಒಂದು ದಿನ ಇನ್ನೂ ಯಾವ ತಾಯಿಯೂ ಬಂದಿರಲಿಲ್ಲ. ಮಹಾಂತಮ್ಮನ ಎರಡೂ ಬಗಲಲ್ಲಿ ಕೂಸುಗಳಿದ್ದವು. ಮಲ್ಲಯ್ಯನ ಮಡಿಲಲ್ಲಿದ್ದ ಇನ್ನೊಂದು ಅವನ ಧೋತ್ರ ತೋಯಿಸಿತ್ತು. ಮೂಲೆಯ ಸೀರೆಯಲ್ಲಿ ಮತ್ತೊಂದು ಉಸಿರು ಕಟ್ಟುವಂತೆ ಅಳುತ್ತಿತ್ತು. ಆಗ ಬಾಗಿಲಲ್ಲಿ ನೆರಳು ಕಂಡಿತು. ರಾಮಲಕ್ಷ್ಮಿ ಕೈಗೆ ಅಂಟಿದ ಹತ್ತಿಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು, ಹೊಸ್ತಿಲು ದಾಟಿ, ಆ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅದು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು.

"ಇದರ ಹೆಸರೇನ್ರಿ?" ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಆಕೆ ಆಡಿದ ಮೊದಲ ಮಾತು ಅದು.

"ಇನ್ನಾ ಇಟ್ಟಿಲ್ಲಂತವ್ವ," ಅಂದ ಮಲ್ಲಯ್ಯ.

ಮರುದಿನದಿಂದ ರಾಮಲಕ್ಷ್ಮಿ ಮಿಲ್ಲಿಗೆ ಹೋಗಲಿಲ್ಲ. ಹೆಂಗಸರು ತಮ್ಮ ತಮ್ಮಲ್ಲಿ ಜೋಳ ಕೂಡಿಸಿ ಆಕೆಯ ಹೊಟ್ಟೆ ನೋಡಿಕೊಂಡರು. ಮಿಲ್ಲಿನ ಬೆಳಗಿನ ಸಿಳ್ಳು ಹೊಡೆಯುವ ಮೊದಲೇ ಆಕೆ ಬಂದು, ಪಡಸಾಲೆ ಸಾರಿಸಿ, ಸೀರೆಗಳ ಗಂಟು ಎಳೆದೆಳೆದು ನೋಡಿ, ಮೊದಲ ಕೂಸಿಗಾಗಿ ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು.