ಎಣ್ಣೆ ಸ್ವಲ್ಪ ಕಡಿಮೆ ಇದೆ

ಪೆರೆಸ್ ಹಸಿ ಮಣ್ಣಿನ ಉಂಡೆಯನ್ನೆತ್ತಿ ಗೋಡೆಯ ಕಡ್ಡಿಗಳ ಸಂದಿಗೆ ಬೀಸಿ ಹೊಡೆದಳು. ಅರ್ಧ ಹಿಡಿಯಿತು, ಅರ್ಧ ಅವಳ ಕಪ್ಪು ಬಟ್ಟೆಯ ಮೇಲೇ ಜಾರಿತು.

"ಬಿಡೇ. ಗಂಡ ಸತ್ತೋಳು ಮಣ್ಣು ಮೆತ್ತೋದನ್ನ ಎಲ್ಲಾದ್ರೂ ಕಂಡಿದೀಯಾ? ಒಂದು ಕಡೆ ಕೂತು ಅಳು," ಎಂದಳು ಡೋರ್ಸಿಲಾ, ಅವಳ ಗಂಡನ ಸೋದರತ್ತೆ.

"ಅಳೋಕೆ ರಾತ್ರಿಯೆಲ್ಲ ಇದೆ ಅತ್ತೆ. ಗೋಡೆಗೆ ಹೊತ್ತಿಲ್ಲ."

ಜಬ್ಲೋನ್ ಮಗಾಕ್‌ನ ಹೆಣ ಪಟ್ಟಣದಿಂದ ಬಂದು ಕಳ್ಳಿ ಬೇಲಿಯ ಹೊರಗೆ, ರಸ್ತೆಯಲ್ಲೇ ವ್ಯಾನಿನೊಳಗೆ ಕಾಯುತ್ತಿತ್ತು. ಸರೋವರದ ದಡದ ವಿಮಾನ ನಿಲ್ದಾಣದಲ್ಲಿ, ಗೋಪುರದ ಮೇಲೆ ಕೂತು ವಿಮಾನಗಳನ್ನು ಏರಿಸಿ ಇಳಿಸಿ ಆಯುಷ್ಯ ಕಳೆದ ಮನುಷ್ಯ. ಇದ್ದದ್ದು ಕೆಲಸದವರಿಗೆ ಕೊಡುವ ಮನೆಯಲ್ಲಿ. ಹುಟ್ಟಿದ ಹಟ್ಟಿಯಲ್ಲಿ ಅವನದೆನ್ನುವ ಒಂದು ಗುಡಿಸಲೂ ಇರಲಿಲ್ಲ. ಮನೆ ಕಟ್ಟದ ಗಂಡಸಿನ ಹೆಣ ಬೇಲಿ ದಾಟುವಂತಿಲ್ಲ. ಅದಕ್ಕೇ ಬೆಳಗಿನಿಂದ ಈ ಗುಡಿಸಲು ಏಳುತ್ತಿತ್ತು. ಕಂಬ ನೆಟ್ಟಾಗಿತ್ತು, ತಗಡು ಹೊದಿಸಿಯಾಗಿತ್ತು. ಬಾಗಿಲು ಬರಬೇಕಿತ್ತು. ಬಾಗಿಲಿಲ್ಲದ್ದು ಮನೆಯಲ್ಲ, ದನದ ಕೊಟ್ಟಿಗೆ. ಹೊತ್ತು ಮುಳುಗುವುದರೊಳಗೆ ಮನೆಯಾಗದಿದ್ದರೆ ಅವನನ್ನು ಬೇಲಿಯ ಹೊರಗೆ, ಕಳ್ಳಿಯ ಬುಡದಲ್ಲಿ, ದಿಕ್ಕಿಲ್ಲದವರ ಜೊತೆ ಹೂಳುವುದೆಂದು ಹಿರಿಯರು ಹೇಳಿಬಿಟ್ಟಿದ್ದರು.

ಒಲೆಯ ಹತ್ತಿರ ಮುದ್ದೆ ತಿರುವುತ್ತಿದ್ದ ಹೆಂಗಸೊಬ್ಬಳು ಬೇಕೆಂದೇ ಜೋರಾಗಿ ಹೇಳಿದಳು. "ಊರೋರ ವಿಮಾನಕ್ಕೆಲ್ಲ ಜಾಗ ತೋರಿಸ್ದ. ತನ್ನ ಬೆನ್ನು ಚಾಚೋಕೆ ಜಾಗ ನೋಡ್ಕೊಳ್ಲಿಲ್ಲ ನೋಡು."

"ಮುದ್ದೆ ತಳ ಹಿಡೀತಾ ಇದೆ, ಬಾಯಿ ಮುಚ್ಕೊಂಡು ತಿರುವು!" ಎಂದು ಡೋರ್ಸಿಲಾ ಗದರಿದಳು.

ರಸ್ತೆಯ ಕಡೆಯಿಂದ ಎಲ್ಫಾಸ್ ಓಡಿ ಬಂದ. ಗೋಪುರದಲ್ಲಿ ಜಬ್ಲೋನ್‌ನ ಪಕ್ಕದ ಕುರ್ಚಿಯವನು. ಬೆಳಗಿನಿಂದ ವ್ಯಾನಿನ ಕಾವಲಿಗೆ ನಿಂತಿದ್ದ.

"ಅಕ್ಕಾ, ಬಡಗಿ ಬಾಗಿಲು ತಂದಿದ್ನಂತೆ. ನಿಮ್ಮ ಭಾವ ದಾರೀಲೇ ತಡೆದು ವಾಪಸ್ ಅಟ್ಟಿದಾರೆ. ಸೈಕಲ್ ಮೇಲೆ ಹೊತ್ಕೊಂಡು ಹೋದ. ಇಷ್ಟೊತ್ತಿಗೆ ಹೊಳೆ ದಾಟಿರ್ತಾನೆ."

ಪೆರೆಸ್ ಕೈಯ ಮಣ್ಣು ಕೊಡವಿಕೊಂಡು ಅಂಗಳ ದಾಟಿದಳು.

ಭಾವ ನಾಶೋನ್, ಜಬ್ಲೋನ್‌ನ ಅಣ್ಣ, ತನ್ನ ಸತ್ತ ಮಗ ಒಡೇರನ ಗುಡಿಸಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮಗ ಸತ್ತಾಗಿನಿಂದ ಆ ಗುಡಿಸಲಿಗೆ ಬೀಗ. ವರ್ಷಕ್ಕೊಮ್ಮೆ ನಾಶೋನ್ ತಾನೇ ಮಣ್ಣು ಮೆತ್ತುತ್ತಿದ್ದ, ಹುಲ್ಲು ಹೊದಿಸುತ್ತಿದ್ದ. ಬಾಗಿಲಿಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. ನಿಲ್ದಾಣದಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದ ಒಡೇರ ಎಲ್ಲಿಂದಲೋ ಉಳಿದ ಹಸಿರು ಬಣ್ಣ ತಂದು ತಾನೇ ಬಳಿದಿದ್ದ ಬಾಗಿಲು ಅದು.

"ಭಾವ," ಎಂದಳು ಪೆರೆಸ್, ತಲೆ ತಗ್ಗಿಸಿ. "ಸ್ವಲ್ಪ ಹೊತ್ತಾಗ್ತಾ ಇದೆ. ಬಾಗಿಲಿಗೆ ಏನಾದ್ರೂ ಸ್ವಲ್ಪ..."

"ಕಾಯ್ಲಿ ಬಿಡು ಸೆಮೆಯವಳೇ," ಎಂದ ನಾಶೋನ್. ಅವಳ ತವರಿನ ಹೆಸರಿನಿಂದಲೇ ಅವನು ಅವಳನ್ನು ಕರೆಯುವುದು. "ನನ್ನ ಮಗಾನೂ ಮೇಲೆ ಕಾದ. ಸುತ್ತು ಹಾಕ್ತಾ ಹಾಕ್ತಾ ಕಾದ. ಕಾಯೋದು ಹೆಂಗಿರುತ್ತೆ ಅಂತ ಅವನಿಗೂ ಗೊತ್ತಾಗ್ಲಿ."

* * *

ಆ ಸಂಜೆಯನ್ನು ಜಬ್ಲೋನ್ ಹೆಂಡತಿಗೆ ಎಷ್ಟು ಸಲ ಹೇಳಿದ್ದನೆಂದರೆ, ತಾನೂ ಗೋಪುರದಲ್ಲಿ ನಿಂತಿದ್ದೆನೇನೋ ಎಂದು ಪೆರೆಸ್‌ಗೆ ಅನ್ನಿಸುತ್ತಿತ್ತು.

ಸರೋವರದ ಮೇಲಿಂದ ಬಿರುಗಾಳಿ ಏಳುತ್ತಿತ್ತು. ಆಗಷ್ಟೇ ಇಳಿದ ದೊಡ್ಡ ವಿಮಾನದ ಗಾಲಿ ಒಡೆದು ಅದು ಓಡುದಾರಿಯ ನಟ್ಟನಡುವೆ ಕೂತುಬಿಟ್ಟಿತ್ತು. ಕೂಸು ಕಂಕುಳಲ್ಲಿಟ್ಟುಕೊಂಡ ತಾಯಂದಿರು, ಮುದುಕರು, ಒಬ್ಬೊಬ್ಬರಾಗಿ ಇಳಿಯುತ್ತಿದ್ದರು. ಮೇಲೆ ಮೀನು ಸಾಗಿಸುವ ಪುಟ್ಟ ವಿಮಾನ ಸುತ್ತು ಹಾಕುತ್ತಿತ್ತು. ಪೆಟ್ಟಿಗೆಗಳ ಜೊತೆ ಒಡೇರ ಅದರಲ್ಲಿದ್ದ.

"ಗೋಪುರ, ಎಣ್ಣೆ ಸ್ವಲ್ಪ ಕಡಿಮೆ ಇದೆ," ಎಂದ ಪೈಲಟ್. ಚಹಾಕ್ಕೆ ಸಕ್ಕರೆ ಸ್ವಲ್ಪ ಕಡಿಮೆ ಅಂದ ಹಾಗೆ.

ಆ ಕೆಲಸದಲ್ಲಿ ಅದಕ್ಕೆಂದೇ ಒಂದು ಮಾತಿದೆ: ಮೇಡೇ. ಪ್ರಾಣ ಹೋಗುತ್ತಿದೆ, ಎಲ್ಲವನ್ನೂ ಬದಿಗೆ ಸರಿಸು ಎಂದು ಅರ್ಥ. ಆ ಮಾತು ಬಂದಿದ್ದರೆ ಜಬ್ಲೋನ್ ಅವನನ್ನು ಪಕ್ಕದ ಹುಲ್ಲಿನ ಮೇಲಾದರೂ ಇಳಿಸುತ್ತಿದ್ದ. ಚಕ್ರ ಮುರಿಯಲಿ, ರೆಕ್ಕೆ ಮುರಿಯಲಿ. ಆದರೆ ಮರ್ಯಾದಸ್ಥ ಪೈಲಟ್ ಕೂಗಿಕೊಳ್ಳಲಿಲ್ಲ. ಜಬ್ಲೋನ್ "ಸುತ್ತು ಹಾಕ್ತಾ ಇರು" ಎಂದ. ಅಷ್ಟರಲ್ಲಿ ಕರೆಂಟು ಹೋಯಿತು, ರೇಡಿಯೋ ಸತ್ತಿತು. ಉಳಿದದ್ದು ಕೈದೀಪ. ಹಸಿರು ತೋರಿಸಿದರೆ ಇಳಿ, ಕೆಂಪು ತೋರಿಸಿದರೆ ಇಳಿಯಬೇಡ. ಓಡುದಾರಿಯಲ್ಲಿ ಜನ ಇನ್ನೂ ಇದ್ದರು. ಅವನು ಕೆಂಪು ತೋರಿಸಿದ. ಮತ್ತೊಂದು ಸುತ್ತಿಗೂ ಕೆಂಪೇ. ಮೂರನೇ ಸುತ್ತಿಗೆ ವಿಮಾನ ಬರಲಿಲ್ಲ. ಸರೋವರದ ಕಡೆಯಿಂದ ಗಾಳಿಯ ಸದ್ದು ಮಾತ್ರ ಬಂತು.

ವಿಚಾರಣೆಯಲ್ಲಿ ಅವನ ತಪ್ಪಿಲ್ಲವೆಂದರು. ಕೆಲಸವೂ ಉಳಿಯಿತು. ಒಡೇರನನ್ನು ಹೂಳುವ ದಿನ ಮಾತ್ರ ನಾಶೋನ್ ಮಚ್ಚು ಹಿಡಿದು ಬೇಲಿಯ ಬಾಯಲ್ಲಿ ನಿಂತು ತಮ್ಮನನ್ನು ಒಳಗೆ ಬಿಡಲಿಲ್ಲ.

"ಸ್ವಲ್ಪ ಅಂದ್ರೆ ಎಷ್ಟು ಅಂತ ನಾನು ಕೇಳ್ಬೇಕಿತ್ತು ಪೆರೆಸ್," ಎನ್ನುತ್ತಿದ್ದ ಜಬ್ಲೋನ್, ತಟ್ಟೆಯ ಮುಂದೆ ಕೂತು, ಮೀನು ಮುಟ್ಟದೆ. "ಒಂದೇ ಮಾತು. ಎಷ್ಟು? ಅಂತ."

ಪ್ರತಿ ವರ್ಷ ಅವಳ ಕೈಲಿ ಅಣ್ಣನಿಗೆ ಸಕ್ಕರೆ, ಚಹಾಪುಡಿ ಕಳಿಸುತ್ತಿದ್ದ. "ಊರ ಕಡೆ ಬರೋಕೆ ಸ್ವಲ್ಪ ಮನಸ್ಸಿದೆ ಅಂತ ಹೇಳು. ಅಷ್ಟೇ ಹೇಳು. ಒತ್ತಾಯ ಮಾಡ್ಬೇಡ." ಅವಳೂ ಅಷ್ಟೇ ಹೇಳಿ, ಪೊಟ್ಟಣ ಕೊಟ್ಟು ವಾಪಸಾಗುತ್ತಿದ್ದಳು.

* * *

ವ್ಯಾನಿನ ಹಾರ್ನ್ ಕಿರುಚಿತು.

"ಇಳಿಸ್ತೀರೋ ಇಲ್ವೋ?" ಎಂದು ಡ್ರೈವರ್ ಕೂಗುತ್ತಿದ್ದ. "ನಂಗೂ ಹೆಂಡ್ತಿ ಇದಾಳೆ ಕಣ್ರೀ, ಬದುಕಿದಾಳೆ ಬೇರೆ!"

"ಕೈ ಎತ್ತಿ ನಿಂತಿದೀನಲ್ಲ, ಕಾಣಲ್ವಾ? ಒಳಗೆ ದಾರಿ ಖಾಲಿ ಇಲ್ಲ. ಕಾಯಿ!" ಎಂದ ಎಲ್ಫಾಸ್.

ಬಿಸಿಲು ಕಳ್ಳಿಯ ತುದಿಗೆ ಏರಿತ್ತು. ಹಿರಿಯರು ಕಣ್ಣಲ್ಲೇ ಸನ್ನೆ ಮಾಡಿದರು. ಇಬ್ಬರು ಗುದ್ದಲಿ ಎತ್ತಿಕೊಂಡು ಬೇಲಿಯ ಹೊರಗೆ ನಡೆದರು. ಸ್ವಲ್ಪ ಹೊತ್ತಿಗೆ ಕಲ್ಲಿಗೆ ಕಬ್ಬಿಣ ತಾಗುವ ಸದ್ದು ಕೇಳಿಸತೊಡಗಿತು. ಪೆರೆಸ್ ಹೋಗಿ ಡೋರ್ಸಿಲಾಳ ಕಾಲಿಗೆ ಬಿದ್ದಳು.

"ಅತ್ತೆ, ಯಾರ ಮನೇದಾದ್ರೂ ಒಂದು ಬಾಗಿಲು ಕೊಡ್ಸಿ. ನಾಳೆ ಹೊಸದು ಮಾಡ್ಸಿ ಕೊಡ್ತೀನಿ. ನಿಮ್ಮ ಕಾಲು ಹಿಡೀತೀನಿ."

"ತಲೆ ಕೆಟ್ಟಿದೆಯೇನೇ? ಬದುಕಿರೋರ ಬಾಗಿಲು ಕಿತ್ತು ಸತ್ತೋನ ಮನೆಗಿಟ್ರೆ ಆ ಮನೆ ಉಳಿಯುತ್ತಾ? ಯಾವಳು ಕೊಡ್ತಾಳೆ?"

ಬದುಕಿರುವವರ ಬಾಗಿಲು ತಾನೇ ಕೂಡದ್ದು. ಪೆರೆಸ್ ಅತ್ತೆಯ ಕಾಲು ಬಿಟ್ಟು ಎದ್ದಳು. ಮಣ್ಣು ಕಲಸಿದ ಗುಂಡಿಯ ಪಕ್ಕ ಹಾರೆ ಬಿದ್ದಿತ್ತು. ಎತ್ತಿಕೊಂಡಳು. ನಾಶೋನ್‌ನ ಕುರ್ಚಿಯನ್ನು ಬಳಸಿ ಹೋಗಿ ಹಸಿರು ಬಾಗಿಲಿನ ಸಂದಿಗೆ ಹಾರೆ ಹಾಕಿ ಮೀಟಿದಳು. ಮೇಲಿನ ಕೀಲು ಕಿರ್ರೆಂದು ಎದ್ದು ಬಂತು.

"ಏಯ್!" ನಾಶೋನ್ ಕುರ್ಚಿ ಬೀಳಿಸಿಕೊಂಡು ಎದ್ದ. ಓಡಿ ಬಂದು ಬಾಗಿಲನ್ನು ಎರಡೂ ಕೈಯಿಂದ ತಬ್ಬಿದ. "ಬಿಡೇ! ನನ್ನ ಮಗನ ಬಾಗಿಲು! ಕೊಂದೋನ ಮನೆಗೆ ನನ್ನ ಮಗನ ಬಾಗಿಲು ಬೇಕಾ ನಿಂಗೆ? ಕೈ ಕಡೀತೀನಿ!"

"ಕಡಿ!" ಎಂದಳು ಪೆರೆಸ್. ಮದುವೆಯಾಗಿ ಈ ಹಟ್ಟಿಗೆ ಬಂದಾಗಿನಿಂದ ಭಾವನಿಗೆ ಏಕವಚನ ಆಡಿದವಳಲ್ಲ. "ಕಡಿಯೋ! ಅವನು ಇಷ್ಟು ವರ್ಷ ಸ್ವಲ್ಪ ಸ್ವಲ್ಪ ಅಂತ ಹೇಳಿ ಕಳಿಸ್ದ. ನಾನೂ ಹಂಗೇ ಬಂದು ಹೇಳ್ದೆ. ಸುಳ್ಳು! ಸ್ವಲ್ಪ ಅಲ್ಲ. ಏನೂ ಉಳಿದಿಲ್ಲ. ಒಂದು ತೊಟ್ಟೂ ಇಲ್ಲ. ಇನ್ನೊಂದು ಸುತ್ತು ಹಾಕೋಕೆ ಆಗಲ್ಲ ಅವನಿಗೆ. ನನಗೂ ಆಗಲ್ಲ. ಕೇಳಿಸ್ತಾ? ಬೀಳ್ತಾ ಇದೀವಿ!"

ಹಾರೆಯನ್ನು ಇನ್ನೊಮ್ಮೆ ಮೀಟಿದಳು. ಕೆಳಗಿನ ಕೀಲೂ ಬಿಟ್ಟಿತು. ಬೀಗದ ಕೊಂಡಿ ಚೌಕಟ್ಟಿನಿಂದ ಕಿತ್ತು ಜೋತಾಡಿತು. ಒಳಗಿನ ಕತ್ತಲಿನಿಂದ ಮುಚ್ಚಿಟ್ಟ ಗಾಳಿ ಮುಖಕ್ಕೆ ಬಡಿಯಿತು. ಒಂದು ಮಂಚ, ಗೂಟದಲ್ಲಿ ಒಂದು ಅಂಗಿ. ನಾಶೋನ್ ಅತ್ತ ನೋಡಿದವನು ಥಟ್ಟನೆ ಮುಖ ತಿರುಗಿಸಿದ.

ಗಟ್ಟಿ ಮರದ ಬಾಗಿಲು. ಇಬ್ಬರ ಮೇಲೂ ವಾಲಿತು. ಪೆರೆಸ್ ಒಂದು ಅಂಚು ಹಿಡಿದಿದ್ದಳು, ನಾಶೋನ್ ಇನ್ನೊಂದು. ಅವಳು ಅಂಗಳದ ಕಡೆ ಎಳೆದಳು, ಅವನು ಗೋಡೆಯ ಕಡೆ ಎಳೆದ. ಅವಳ ಬೆರಳಿನಿಂದ ರಕ್ತ ಇಳಿಯುತ್ತಿತ್ತು.

"ಬಿಡು," ಎಂದ ನಾಶೋನ್. ಕೂಗಿ ಹೇಳಲಿಲ್ಲ.

"ನೀನು ಬಿಡು."

ಅವನು ಬಿಟ್ಟಿದ್ದರೆ ಬಾಗಿಲು ಅವಳ ಮೇಲೇ ಬೀಳುತ್ತಿತ್ತು. ಒಬ್ಬಳಿಂದ ಹೊರಲಾಗುವ ಭಾರವಲ್ಲ ಅದು. ಬೇಲಿಯ ಹೊರಗೆ ಗುದ್ದಲಿ ಏಳುತ್ತಿತ್ತು, ಬೀಳುತ್ತಿತ್ತು. ನಾಶೋನ್ ಏನೋ ಬೈದ, ತಮ್ಮನಿಗೋ, ಮಗನಿಗೋ, ಸರೋವರಕ್ಕೋ. ಪೆರೆಸ್ ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಬಾಗಿಲಿನ ಅವನ ಕಡೆಯ ತುದಿಯೂ ನೆಲ ಬಿಟ್ಟು ಎದ್ದಿತು.

ಮಬ್ಬು ಕವಿಯುತ್ತಿದೆಯೆಂದು ಡ್ರೈವರ್ ವ್ಯಾನಿನ ದೀಪ ಹಾಕಿದ. ಬೇಲಿಯ ಬಾಯಿಂದ ಬೆಳಕು ನೇರ ಅಂಗಳಕ್ಕೆ ನುಗ್ಗಿತು. ಆ ಬೆಳಕಿನಲ್ಲಿ ಹಸಿರು ಬಾಗಿಲು ಅಡ್ಡಡ್ಡವಾಗಿ, ತಡವರಿಸುತ್ತ, ಹೊಸ ಮಣ್ಣಿನ ಗುಡಿಸಲ ಕಡೆ ನಡೆಯುತ್ತಿತ್ತು. ಹೊತ್ತವರ ಮುಖ ಕಾಣುತ್ತಿರಲಿಲ್ಲ. ಕೆಳಗೆ ನಾಲ್ಕು ಕಾಲುಗಳಷ್ಟೇ ಕಾಣುತ್ತಿದ್ದವು.

ಎಲ್ಫಾಸ್ ವ್ಯಾನನ್ನು ತಡೆದು ಎತ್ತಿ ನಿಂತಿದ್ದ ಕೈಯನ್ನು ಇಳಿಸಿದ.