ಎರಡು ಪದರ ಹೆಚ್ಚು

ಗೋದಾ ಕಯಾಕ್ ದೋಣಿಯನ್ನು ನೆಲದಿಂದೆತ್ತಿ ಹೆಗಲಿಗೇರಿಸಿಕೊಂಡವರು ಹೆಜ್ಜೆಯಿಡದೆ ಅಲ್ಲೇ ನಿಂತರು.

"ಗೌರೀಶ್, ಭಾರ ಜಾಸ್ತಿ ಅನ್ನಿಸ್ತಿದೆ ಅಲ್ವಾ?"

"ಹೊಸದಲ್ವಾ ಮೇಡಂ, ಹಂಗನ್ಸುತ್ತೆ," ಎಂದು ಗೌರೀಶ್ ಕೈಗಂಟಿದ್ದ ರೆಸಿನ್ ಅಂಟು ಕೆರೆಯತೊಡಗಿದ. ಅವರ ಮುಖ ನೋಡುವ ಧೈರ್ಯ ಬರಲಿಲ್ಲ.

ಚಾಮರಾಜಪೇಟೆಯ ಆ ಶೆಡ್ಡಿನಲ್ಲಿ ಅವನು ಇದುವರೆಗೆ ಮಾಡಿದ್ದು ನೀರಿನ ತೊಟ್ಟಿ, ಪಾರ್ಕಿನ ಜಾರುಬಂಡೆ, ಅಂಗಡಿಗಳ ಮುಂದೆ ನಿಲ್ಲಿಸುವ ಐಸ್‌ಕ್ರೀಮ್ ಕೋನು. ಎಲ್ಲವೂ ಫೈಬರ್. ಗಿರಾಕಿಗಳು ಕೇಳುತ್ತಿದ್ದುದೂ ಒಂದೇ ಮಾತು, ಗಟ್ಟಿ ಇರಬೇಕು. ಅಂಥಲ್ಲಿಗೆ ಒಂದು ದಿನ ಮಲ್ಲೇಶ್ವರದಿಂದ, ಕಾಲೇಜಿನಲ್ಲಿ ಗಣಿತ ಕಲಿಸುವ ಈ ಮೇಡಂ ಬಂದು, ಸಮುದ್ರಕ್ಕೆ ಹೋಗುವ ಕಯಾಕ್ ಬೇಕು, ಹಗುರವಾಗಿರಬೇಕು ಎಂದಿದ್ದರು. ಐವತ್ತು ದಾಟಿದ ಹೆಂಗಸು. ಕಾರವಾರದಿಂದ ತೆಂಕಣಕ್ಕೆ ದಡದಗುಂಟ ಒಬ್ಬರೇ ಹುಟ್ಟು ಹಾಕುತ್ತ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಆಕಾರವನ್ನೆಲ್ಲ ಅವರೇ ಬರೆದು ತಂದಿದ್ದರು. ಮೂರಾಳುದ್ದ, ಒಬ್ಬರ ಸೊಂಟ ಹಿಡಿಸುವಷ್ಟೇ ಅಗಲ. ಮೇಲೂ ಮುಚ್ಚಿಗೆ, ನಡುವೆ ಕೂರಲೊಂದು ಕಂಡಿ.

"ಇಷ್ಟು ಸಣ್ಣಕ್ಕಿದ್ರೆ ಮಗುಚ್ಕೊಳಲ್ವಾ ಮೇಡಂ? ಅಗ್ಲ ಮಾಡೋಣ," ಎಂದಿದ್ದ ಅವನು.

"ಸಣ್ಣಕ್ಕೆ, ಉದ್ದಕ್ಕಿದ್ರೆ ನೀರು ಸೀಳ್ಕೊಂಡು ಓಡತ್ತೆ. ಅಗಲವಾಗಿದ್ರೆ ಕೆರೇಲಿ ಏನೋ ಸುಖ. ಆದ್ರೆ ಅದು ನೀರಿಗೆ ಅಂಟ್ಕೊಂಡಿರತ್ತೆ, ಅಲೆ ಓರೆಯಾದ್ರೆ ಅದೂ ಓರೆ. ಇದರ ತಳ ದುಂಡಗಿದೆ ನೋಡಿ. ಕೂತ ಕೂಡ್ಲೇ ಅಲ್ಲಾಡತ್ತೆ, ನಿಜ. ಆದ್ರೆ ಅಲೆ ಎಷ್ಟು ವಾಲಿದ್ರೂ ನಾನು ನೆಟ್ಟಗೆ ಕೂತಿರಬಹುದು."

ಮಾತು ಅವನಿಗೆ ಅರ್ಥವಾಗಿತ್ತು, ಭಯ ಮಾತ್ರ ಹೋಗಿರಲಿಲ್ಲ. ಮೇಲಾಗಿ ಅವ್ವ ಅಕ್ಕಯಮ್ಮ ಊಟದ ಡಬ್ಬಿ ತಂದಾಗಲೆಲ್ಲ ಒಂದೇ ರಾಗ: "ಆ ಯಮ್ಮ ಒಬ್ಳೇ ಓಯ್ತಾಳಂತೆ ಕಣಪ್ಪ ಸಮುದ್ರುಕ್ಕೆ. ಗಟ್ಟಿಯಾಗಿ ಮಾಡ್ಕೊಡು." ಕೊನೆಗೊಂದು ದಿನ ಯಾರಿಗೂ ಹೇಳದೆ ದೋಣಿಯ ಮೇಲ್ಭಾಗಕ್ಕೆ ಫೈಬರಿನ ಇನ್ನೂ ಎರಡು ಪದರ ಹೊದಿಸಿ, ರೆಸಿನ್ ಬಳಿದುಬಿಟ್ಟಿದ್ದ. ಅಂದು ಅವನಿಗೆ ಚೆನ್ನಾಗಿ ನಿದ್ದೆ ಬಂದಿತ್ತು.

ಭಾನುವಾರ ದೋಣಿಯನ್ನು ಟೆಂಪೋದ ಮೇಲೆ ಕಟ್ಟಿಕೊಂಡು ಊರಾಚೆಯ ಕೆರೆಗೆ ಹೋದರು. ಗೋದಾ ದೋಣಿಯೊಳಗೆ ಕೂತು, ನೀರು ನುಗ್ಗದಂತೆ ಸೊಂಟದ ಸುತ್ತ ರಬ್ಬರಿನ ಹೊದಿಕೆ ಬಿಗಿದು, ನೀರಿಗೆ ಇಳಿದರು. ದಡದಲ್ಲಿ ಓದುವ ಕನ್ನಡಕ ಹುಡುಕುತ್ತ ತಡವರಿಸುತ್ತಿದ್ದ ಹೆಂಗಸು ಇವರೇನಾ ಅನ್ನಿಸಿತು ಗೌರೀಶನಿಗೆ. ಹುಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸದ್ದಿಲ್ಲದೆ ಮುಳುಗೇಳುತ್ತಿತ್ತು. ನಡು ಕೆರೆಯಲ್ಲಿ ಅವರು ದೋಣಿಯನ್ನು ಬೇಕೆಂದೇ ಒಂದು ಮಗ್ಗುಲಿಗೆ ವಾಲಿಸಿದರು. ಇನ್ನೂ ಸ್ವಲ್ಪ ವಾಲಿಸಿದರು. ದೋಣಿ ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಮಗುಚಿತು.

ಗೌರೀಶ್ ಚಪ್ಪಲಿ ಸಮೇತ ನೀರಿಗೆ ಧುಮುಕಿದ. ಅವನಿಗೆ ಈಜು ಬರುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ನೋಡಿದರೆ, ದೋಣಿಯ ಬಿಳಿ ಹೊಟ್ಟೆ ಆಕಾಶ ನೋಡುತ್ತಿತ್ತು. ಒಂದು ಬದಿಯಿಂದ ಹುಟ್ಟಿನ ಅಲಗು ಮೇಲೆ ಬಂದು ನೀರನ್ನು ಬಾಚಿತು. ದೋಣಿ ಅರ್ಧ ಎದ್ದು ಮತ್ತೆ ಒಳಗೆ ಬಿತ್ತು. "ಮೇಡಂ!" ಎಂದು ಕೂಗಿದ. ಅಲಗು ಇನ್ನೊಮ್ಮೆ ಮೇಲೆ ಬಂತು, ನಿಧಾನವಾಗಿ, ಅವಸರವೇ ಇಲ್ಲದಂತೆ ನೀರಿನ ಮೇಲೆ ಹರಿಯಿತು. ಅದರ ಹಿಂದೆಯೇ ದೋಣಿ ಹೊರಳಿ, ಗೋದಾ ಕೆಮ್ಮುತ್ತ ಎದ್ದು ಕೂತರು.

ಎದ್ದವರು ಮೊದಲು ಕೂಗಿದ್ದು: "ಮುಂದೆ ಬರಬೇಡಿ ಗೌರೀಶ್, ಅಲ್ಲಿ ಕೆಸರಿದೆ!"

ದಡಕ್ಕೆ ಬಂದು ಕೂದಲು ಹಿಂಡಿಕೊಂಡು, ದೋಣಿಯ ಮೇಲ್ಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದರು. "ಇಲ್ಲಿ ಎಷ್ಟು ಹಾಕಿದೀರಿ?"

"ಎರಡು ಪದರ ಜಾಸ್ತಿ ಮೇಡಂ." ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಒಬ್ರೇ ಇರ್ತೀರಲ್ಲ, ನಿಮಗೇನೂ ಆಗ್ಬಾರ್ದು ಅಂತ..."

ಬೈಗುಳಕ್ಕೆ ಕಾದ. ಅವರು ದೋಣಿಯ ಮೇಲ್ಭಾಗಕ್ಕೆ ಅಂಗೈ ಊರಿದರು.

"ಭಾರ ತಳದಲ್ಲಿದ್ದಿದ್ರೆ ನಿಧಾನ ಹೋಗ್ತಿದ್ದೆ, ಅಷ್ಟೇ. ಇದು ಮೇಲಿದೆ. ವಾಲಿದಾಗ ಅದೇ ನನ್ನನ್ನ ಎಳ್ಕೊಂಡ್ಹೋಯ್ತು." ಹುಟ್ಟಿನ ನೀರು ಕೊಡವಿ ಹೇಳಿದರು. "ನನಗೆ ಭಯ ಇಲ್ಲ ಅಂದ್ಕೊಂಡ್ರಾ? ಇದೆ. ಅದಕ್ಕೇ ಇಷ್ಟೆಲ್ಲ ಲೆಕ್ಕ ಹಾಕಿದ್ದು. ನಿಮ್ಮ ಭಯಾನೂ ಸೇರಿಸಿದ್ರೆ ಹೊರೋದು ಹೇಗೆ?"

ಮರುದಿನ ಬೆಳಿಗ್ಗೆ ಅವನು ಕೊಯ್ಯುವ ಯಂತ್ರ ಹಿಡಿದು, ತಳವೂ ಮೇಲ್ಭಾಗವೂ ಕೂಡುವ ಬೆಸುಗೆಯ ಗುಂಟ ದೋಣಿಯನ್ನು ಸೀಳಿದ. ವಾರಗಟ್ಟಲೆ ಉಜ್ಜಿ ನುಣುಪು ಮಾಡಿದ ಮೇಲ್ಭಾಗ ಕಳಚಿ ಗೋಡೆಗೊರಗಿತು. ಈ ಸಲ ದಪ್ಪ ಫೈಬರ್ ಮ್ಯಾಟ್ ಬೇಡವೆಂದು ಸೀರೆಯಷ್ಟು ತೆಳ್ಳಗೆ ನೇಯ್ದ ಗಾಜಿನೆಳೆಯ ಬಟ್ಟೆ ತರಿಸಿದ. ಒಂದು ತೊಟ್ಟು ರೆಸಿನ್ನೂ ಹೆಚ್ಚು ಉಳಿಯದಂತೆ ಒತ್ತಿ ಒತ್ತಿ ತೆಗೆದ. ಬಾಗದಿರಲೆಂದು ಒಳಗಡೆ ಥರ್ಮಾಕೋಲಿನಂಥ ಹಗುರವಾದ ಪಟ್ಟಿ ಕೂರಿಸಿದ. ಕಾಲೇಜು ಮುಗಿಸಿ ಬರುತ್ತಿದ್ದ ಗೋದಾ ಸೆರಗು ಸಿಕ್ಕಿಸಿ ಇನ್ನೊಂದು ತುದಿಯಿಂದ ಉಜ್ಜುತ್ತಿದ್ದರು. ಅವರು ಉಜ್ಜಿದ ಕಡೆ ಅವನು ಮತ್ತೆ ಕೈಯಾಡಿಸಬೇಕಾಗಿ ಬರಲಿಲ್ಲ.

ಅಕ್ಕಯಮ್ಮ ಬಂದು ಬೆರಳಿಂದ ಒತ್ತಿ ನೋಡಿದಳು. "ಹಪ್ಪಳ ಇದ್ದಂಗಿದೆಯಲ್ಲೋ!"

"ಎರಡೂ ಕೈ ಊರಿ ನೋಡಿ ಅಕ್ಕಯಮ್ಮ," ಎಂದರು ಗೋದಾ.

ಅವಳು ಮೈಭಾರವನ್ನೆಲ್ಲ ಬಿಟ್ಟು ಊರಿದಳು. ದೋಣಿ ಕೊಂಚ ತಗ್ಗಿ, ಅವಳ ಕೈಯನ್ನು ಮೇಲಕ್ಕೆ ನೂಕಿತು. ಅಕ್ಕಯಮ್ಮ ಹೆದರಿ, ಆಮೇಲೆ ನಕ್ಕು, ಇನ್ನೊಂದು ಸಲ ಊರಿದಳು.

ದಸರಾ ರಜೆಯಲ್ಲಿ ಗೌರೀಶ್ ತಾನೇ ಟೆಂಪೋ ಓಡಿಸಿಕೊಂಡು ಕಾರವಾರಕ್ಕೆ ಹೋದ. ದೋಣಿ ದಡದ ನೊರೆಯನ್ನು ಸೀಳಿ ಹೊರಬಿತ್ತು. ಅಡ್ಡಲಾಗಿ ಎದ್ದ ಅಲೆಯೊಂದು ಅದನ್ನು ಮಗ್ಗುಲಾಗಿಸಿತು. ನೀರು ಅಂಚನ್ನು ಮುಟ್ಟಿತು. ದೋಣಿ ಅಲ್ಲೇ ನಿಂತಿತು, ಅದರ ಮೇಲೆ ಗೋದಾ ನೆಟ್ಟಗೆ ಕೂತಿದ್ದರು. ಅಲೆ ಅಡಿಯಿಂದ ಹಾದುಹೋಯಿತು.

ಬುಟ್ಟಿ ಹೊತ್ತು ಮೀನಿಗೆ ಹೊರಟಿದ್ದ ಹೆಂಗಸೊಬ್ಬಳು ನಿಂತು ಕಣ್ಣಿಗೆ ಕೈಯಡ್ಡ ಹಿಡಿದಳು. "ಯಾರದ್ರಾ ಆ ದೋಣಿ?"

ತನ್ನ ಕೈಕೆಲಸವೆಂದು ಹೇಳಲು ಬಾಯಿ ತೆರೆದವನು, "ಮೇಡಂದು," ಎಂದ.

ದೂರದಲ್ಲಿ ಬಿಳಿಯ ಗೆರೆಯೊಂದು ಅಲೆಯ ಹಿಂದೆ ಮರೆಯಾಗಿ, ಮುಂದಿನ ಅಲೆಯ ನೆತ್ತಿಯ ಮೇಲೆ ಕಾಣಿಸಿಕೊಳ್ಳುತ್ತ ತೆಂಕಣಕ್ಕೆ ಸಾಗುತ್ತಿತ್ತು.