ತಾಯಿಯ ಸಹಿ

“ತಾಯಿಗಿ ಹನ್ನೊಂದು, ಮಗಳಿಗಿ ಏಳು! ನಾಕು ವರ್ಷದಾಕಿ ಇದ್ದಾಗ ಹಡದಾಳೇನ್ರಿ ನಿಮ್ಮವ್ವ?”

ಮಚ್ಛೇಂದ್ರನ ಮಾತಿಗೆ ಮಾಳಿಗೆ ತುಂಬ ನಗೆ ಎದ್ದಿತು. ಸಪನಾ ತನ್ನ ಕಥೆಯ ಹಾಳೆಯಿಂದ ತಲೆ ಎತ್ತಿದಳು. ಓದಲು ಶುರುಮಾಡಿ ಇನ್ನೂ ಒಂದು ಪುಟವೂ ಆಗಿರಲಿಲ್ಲ.

ತಿಂಗಳಿಗೊಂದು ಆದಿತವಾರ, ಬೀದರ, ಭಾಲ್ಕಿ, ಔರಾದ ಎಂದು ಸರದಿಯ ಮೇಲೆ, ಈ ಹತ್ತು ಹನ್ನೆರಡು ಜನ ಸೇರಿ ತಾವು ಬರೆದ ಕಥೆ ಓದುತ್ತಿದ್ದರು. ಇವತ್ತು ಭಾಲ್ಕಿಯಲ್ಲಿ, ಮುಜೀಬೋದ್ದೀನ ಟೇಲರರ ಅಂಗಡಿಯ ಮೇಲೆ. ಕಥೆ ಎಲ್ಲರಿಗೂ ಹಿಡಿಸಿದರೆ ಬರೆದವರು ಅದನ್ನು ಕೂಟದ ದಪ್ಪ ವಹಿಯಲ್ಲಿ ಕೈಯಾರೆ ಇಳಿಸಬೇಕು. ವಹಿಯಲ್ಲಿದ್ದವರು ಕೂಟದವರು, ಉಳಿದವರು ಕೇಳಲು ಬಂದವರು. ಸಪನಾ ಐದು ತಿಂಗಳಿಂದ ಕೇಳಲು ಬಂದವಳು. ಜಮಖಾನ ಹಾಸಿದ್ದಳು, ಚಹಾ ಕೊಟ್ಟಿದ್ದಳು, ತುಟಿ ಬಿಚ್ಚಿರಲಿಲ್ಲ.

ಬೀದರದ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಪ್ರತಿ ಶೀಸೆಯ ಮೇಲಿನ ಹೆಸರನ್ನೂ ಎರಡು ಸಲ ನೋಡುವವಳು ಅವಳು. ಕಥೆಯ ಒತ್ತು, ದೀರ್ಘಗಳನ್ನು ನಾಲ್ಕು ಸಲ ನೋಡಿದ್ದಳು. ತಮ್ಮ ಮನೆಯ ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ ಎಂದು ಮೊದಲೇ ಹೇಳಬೇಕೆಂಬುದೊಂದು ಹೊಳೆದಿರಲಿಲ್ಲ.

“ನಮ್ಮ ಮನ್ಯಾಗ... ಅಕ್ಕಗ ತಾಯಿ ಅಂತೇವ್ರಿ. ತಪ್ಪಾತು.”

“ಅಯ್ಯ, ನಮ್ಮ ಮನ್ಯಾಗೂ ಹಂಗೇ ಅದ!” ಎಂದರು ಅನಸೂಯಾಬಾಯಿ. ಕೂಟ ಕಟ್ಟಿದವರು, ವಹಿ ಕಾಯುವವರು ಈ ನಿವೃತ್ತ ಶಿಕ್ಷಕಿಯೇ. “ಖರೇ, ಕನ್ನಡ ಓದೋರಿಗಿ ತಿಳಿಬೇಕಲ್ಲವ್ವ. ಅಕ್ಕ ಅಂತ ತಿದ್ದಿ ಓದು. ನಿಂದೇನು ಹೋಗ್ತದ?”

ಸಪನಾ ಯಾರು ತಿದ್ದಿದರೂ ಹೂಂ ಎನ್ನುವವಳು. ಪೆನ್ನು ತೆಗೆದು ಮೊದಲ ತಾಯಿಯ ಮೇಲೆ ಗೆರೆ ಎಳೆದಳು. “ಅಕ್ಕ ನನಗೆ ಎರಡು ಜಡೆ ಹೆಣೆದಳು” ಎಂದು ಓದಿದಳು. ಯಾರದೋ ಮನೆಯ ಹುಡುಗಿ ಬಂದು ತನ್ನ ಕೂದಲಿಗೆ ಕೈ ಹಾಕಿದಂತಾಯಿತು.

“ಇಲ್ರಿ ಬಾಯಿ,” ಎಂದಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ವಹಿಯೊಳಗ ಬರೀದಿದ್ರೂ ನಡೀತದ. ನಾ ತಾಯಿ ಅಂತೇ ಓದ್ತೇನಿ.”

“ಓದ್ರಿ, ಓದ್ರಿ. ಹಡದಾಳೋ ಇಲ್ಲೋ ನೋಡೂಣು,” ಎಂದ ಮಚ್ಛೇಂದ್ರ.

ಅವಳು ಓದಿದಳು. ಹೆತ್ತ ಆಯಿ ಪುಣೆಗೆ ಕೆಲಸಕ್ಕೆ ಹೋದ ವರ್ಷ. ಠಾಣಾ ಕುಶನೂರದ ಕನ್ನಡ ಸಾಲೆಯಿಂದ ಬೀದರ ಕೋಟೆಗೆ ಪ್ರವಾಸ. ಮನೆಗೆ ಕೊಟ್ಟ ಒಪ್ಪಿಗೆ ಚೀಟಿಯ ಕೆಳಗೆ ‘ತಾಯಿಯ ಸಹಿ’ ಎಂದು ಅಚ್ಚಾಗಿತ್ತು. ಏಳು ವರ್ಷದ ಹುಡುಗಿ ಅದನ್ನು ಕೂಡಿಸಿ ಕೂಡಿಸಿ ಓದಿ ಹೇಳಿದಳು. ಮರಾಠಿ ಸಾಲೆಯನ್ನು ನಾಲ್ಕನೇ ತರಗತಿಗೇ ಬಿಟ್ಟಿದ್ದ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಕೈ ತೊಳೆದು, ಸೆರಗಿಲ್ಲದ್ದಕ್ಕೆ ಲಂಗಕ್ಕೇ ಒರೆಸಿಕೊಂಡು, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದಳು. “ಸಾಲಿಯವರಿಗಿ ನಾ ಇದ್ದೇನಂತ ಹ್ಯಾಂಗ ಗೊತ್ತಾತು?” ಎಂದು ಕೇಳಿದಳು. ಆಮೇಲೆ ಮರಾಠಿ ಅಕ್ಷರದಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಕಥೆ ಅಲ್ಲಿಗೆ ಮುಗಿದಿತ್ತು. ಕೆಳಗೆ ಹೊಲಿಗೆ ಯಂತ್ರವೊಂದು ಓಡಿ ನಿಂತಿತು.

“ಬಾಯಿ, ಅಕ್ಕ ಅಂತ ಬರದ್ರ ಈ ಸಹಿ ಬೀಳಂಗೇ ಇಲ್ಲಲ್ರಿ!” ಮಚ್ಛೇಂದ್ರ ಮೊಣಕಾಲ ಮೇಲೆ ಎದ್ದುಬಿಟ್ಟಿದ್ದ. “ನಾ ಸುಮ್ಮ ನಕ್ಕಿನ್ರಿ. ತಂಗಿ, ಒಂದಕ್ಷರ ಮುಟ್ಟಬ್ಯಾಡ್ರಿ!”

ಅನಸೂಯಾಬಾಯಿ ವಹಿಯ ಖಾಲಿ ಪುಟ ತೆರೆದು ಸಪನಾಳ ಮುಂದೆ ಸರಿಸಿದರು. “ನಾನೇ ತಪ್ಪಿದೆ. ನೀ ಬರದದ್ದೇ ಇರಲಿ,” ಎಂದರು.

ಅವಳು ಮೊದಲ ಸಾಲು ಬರೆಯುವಷ್ಟರಲ್ಲಿ ಮುಜೀಬೋದ್ದೀನರ ಸರದಿ ಬಂದಿತು. ಅವರು ಕನ್ನಡಕ ಏರಿಸಿ ಓದತೊಡಗಿದರು: “ಹಚ್ಚಹಸಿರು ಸೋಯಾ ಕೊಯ್ದು ಅವತ್ತೇ ರಾಶಿ ಮಾಡಿದರು...”

“ಚಾಚಾ, ನಿಂದರ್ರಿ!”

ಕೂಗಿದ್ದು ತಾನೇ ಎಂದು ಸಪನಾಳಿಗೆ ಆಮೇಲೆ ತಿಳಿಯಿತು. ಎಲ್ಲರೂ ಅವಳ ಕಡೆ ತಿರುಗಿದ್ದರು. ನಿಲ್ಲಿಸಲು ಆಗಲಿಲ್ಲ. “ಸೋಯಾ ಹಸರಿದ್ದಾಗ ರಾಶಿ ಮಾಡಂಗಿಲ್ರಿ. ಎಲಿ ಎಲ್ಲಾ ಉದುರಬೇಕು, ಕಾಯಿ ಅಳ್ಳಾಡಿಸಿದ್ರ ಗಲಗಲ ಅನಬೇಕು!”

ಮುಜೀಬೋದ್ದೀನ ಓದುವುದನ್ನು ನಿಲ್ಲಿಸಿದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಮೊನೆಯನ್ನು ನಾಲಿಗೆಗೆ ಮುಟ್ಟಿಸಿ, ಹಾಳೆಯ ಮೇಲೆ ಊರಿ ಕಾದರು.

“ಹ್ಞೂಂ, ಹೇಳಮ್ಮಾ. ಗಲಗಲ... ಮುಂದ?”